ಮಾಳಿಗೆಯ ಮೇಲಿನ ವಿಡಿಯೋ ಕಾಲ್

ಜೂನ್ 9, ರವಿವಾರ. ಸಂಜೆ

ಮತ್ತೆ ಮಾಳಿಗೆ. ರವಿವಾರ ಬಂತೆಂದರೆ ಮನೆಮಂದಿಯೆಲ್ಲ ಮೆಟ್ಟಿಲು ಹತ್ತಬೇಕು. ತಂಗಿ ಶಾಂಭವಿಯ ಗಂಡ ಉಳವೇಶ ಕೊರಿಯಾದಿಂದ ಕಳಿಸಿದ ಫೋನು ನಮ್ಮ ಯಳವತ್ತಿಯ ಮನೆಯ ಅಡುಗೆಮನೆಯಲ್ಲಿ ತುಟಿ ಪಿಟಕ್ಕೆನ್ನುವುದಿಲ್ಲ. ಪಡಸಾಲೆಯಲ್ಲಿ ಸಿಗ್ನಲ್ ಒಂದೇ ಕಡ್ಡಿ. ಮಾಳಿಗೆಯ ಮೇಲೆ ಪೂರ್ತಿ. ನನ್ನ ಹಳೆಯ ಫೋನಿಗೆ ಕೆಳಗೇ ಸಿಗ್ನಲ್ ಸಿಗುತ್ತದೆ... ಅಪ್ಪನಿಗೆ ಅದು ಬೇಡ. ಅಳಿಯನ ಫೋನೇ ಆಗಬೇಕು.

ತಮ್ಮ ವೀರು ಲಕ್ಷ್ಮೇಶ್ವರದ ಮೊಬೈಲ್ ಅಂಗಡಿಯಲ್ಲಿದ್ದಾನೆ. ಹೀಗಾಗಿ ಮನೆಯಲ್ಲಿ ಅವನೇ ಪಂಡಿತ.

"ಆ ದೇಶದ ಫೋನಿನ್ಯಾಗ ನಮ್ಮ ಟವರಿನ ಬ್ಯಾಂಡ್ ಎಲ್ಲಾ ಇರಂಗಿಲ್ಲಪಾ. ಅಲ್ಲೀದ ಬ್ಯಾರೆ, ಇಲ್ಲೀದ ಬ್ಯಾರೆ."

ಅಪ್ಪ ಸೋಲುವವರೇ? "ಟವರ್ ದಂಡ ಐತಿ, ಫೋನ್ ಏನ್ ಮಾಡೀತು? ಪಿಕ್ಚರ್ ನೋಡಲೇ, ಹೆಂಗ್ ಬರತೈತಿ!"

ಪಿಕ್ಚರ್ ಚೆನ್ನಾಗಿಯೇ ಬರುತ್ತದೆ. ಶಾಂಭವಿ ಹೊಳೆಯುತ್ತಿದ್ದಳು. ಮುಖದ ಮೇಲೆ ಒಂದು ಕಲೆ ಇಲ್ಲ. "ಅಲ್ಲೀ ನೀರು ಮೈಗೆ ಹತ್ತೈತಿ ನನ್ ಮಗಳಿಗೆ," ಎಂದಳು ಅವ್ವ. ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ. ಬಿಸಿಲಲ್ಲಿ ಬಸ್ಸು ಕಾದು ನನ್ನ ಮುಖ ಕರಿ ಹಂಚು.

ಮಾತು ಮಾತ್ರ ಕಡಿಮೆ. "ಆರಾಮ ಅದೀನಿ" ಎಂದಳು. ಉಳಿದದ್ದನ್ನೆಲ್ಲ ಪಕ್ಕದಲ್ಲಿದ್ದ ಉಳವೇಶನೇ ಹೇಳಿದ. ಹಡಗು ಕಟ್ಟುವ ಕಂಪನಿ, ಓವರ್‌ಟೈಮ್, ಚಳಿ.

ಜೂನ್ 12

ಮಾನ ಹೋಯಿತು. ನಾನು ಕಲಿಸುವ ಮುಳಗುಂದದ ಶಾಲೆಗೆ ಆ ಫೋನ್ ಒಯ್ದಿದ್ದೆ. ಹೆಡ್‌ಮಾಸ್ತರರು ಕುರ್ಚಿಯಲ್ಲೇ ನಿದ್ದೆ. ಬಾಯಿ ತೆರೆದಿತ್ತು. ಬಿಡಲು ಮನಸ್ಸಾಗಲಿಲ್ಲ. ಸೈಲೆಂಟ್ ಮಾಡಿಯೇ ಫೋಟೋ ತೆಗೆದೆ — ಟಕ್! ಎದ್ದು ಕೂತರು. ಸ್ಟಾಫ್ ರೂಮೆಲ್ಲ ನಕ್ಕಿತು, ಅವರೊಬ್ಬರನ್ನು ಬಿಟ್ಟು.

ವೀರುವಿಗೆ ಬೈದೆ. "ಆ ದೇಶದ ಫೋನ್ ಹಂಗ ಅಕ್ಕಾ. ಹೆಣ್ಣಮಕ್ಕಳ ಫೋಟೋ ಯಾರೂ ಕದ್ದು ತಗೀಬಾರದು ಅಂತ ಸೌಂಡ್ ಇಟ್ಟಾರ. ಬಂದ್ ಮಾಡಾಕ ಬರಂಗಿಲ್ಲ."

ಒಳ್ಳೆಯದೇ ಅನ್ನಿಸಿತು.

ಜೂನ್ 22, ಕಾರಹುಣ್ಣಿಮೆ

ಅವ್ವ ಇಳಕಲ್ ಸೀರೆ ಉಟ್ಟಿದ್ದಳು. ಶಾಂಭವಿಗೆ ಕಳಿಸೋಣವೆಂದು ಅದೇ ಫೋನಿನಲ್ಲಿ ಫೋಟೋ ತೆಗೆದೆ. ನೋಡಿದರೆ ಸುಕ್ಕೇ ಇಲ್ಲ. ಅವ್ವ ಮೊದಲು ಹಿಗ್ಗಿದಳು, ಆಮೇಲೆ ಕಣ್ಣು ಕಿರಿದು ಮಾಡಿ ನೋಡಿದಳು.

"ಏ ಹುಡುಗಿ, ನನ್ ಹಚ್ಚಿ ಎಲ್ಲಿ ಹೋತ?"

ಖರೆ. ಗದ್ದದ ಮೇಲಿನ ಹಸಿರು ಬೊಟ್ಟು ಮಾಯ. ನಮ್ಮ ಮನೆಯ ಹೆಣ್ಣುಮಕ್ಕಳಿಗೆಲ್ಲ ಆ ಹಚ್ಚೆ ಬೇಕೇ ಬೇಕು. ಸತ್ತಾಗ ಜೊತೆಗೆ ಬರುವುದು ಅದೊಂದೇ ಎಂದು ಅಜ್ಜಿ ತಿಪ್ಪವ್ವ ಹಟ ಹಿಡಿಯುತ್ತಿದ್ದಳು. ಶಾಂಭವಿ ಅಳುತ್ತ ಹಾಕಿಸಿಕೊಂಡಳು. ನಾನು ಹಿತ್ತಲ ಬಾಗಿಲಿನಿಂದ ಪರಾರಿ.

"ಬ್ಯೂಟಿ ಮೋಡ್ ಯವ್ವಾ," ವೀರು ನಕ್ಕ. "ಮುಖದ ಮ್ಯಾಲ ಏನಿದ್ದರೂ ಒರಸಿ ಒಗೀತೈತಿ. ವಿಡಿಯೋದಾಗೂ ಹಂಗ. ಬ್ಯಾಡಾದ್ರ ಬಂದ್ ಮಾಡಬಹುದು."

ಎಲ್ಲರೂ ನಕ್ಕೆವು. ಹೋಳಿಗೆ ಉಂಡೆವು.

ಜೂನ್ 24. ಮುಳಗುಂದದ ಬಸ್ಸಿನಲ್ಲಿ

ಅಕ್ಷರ ಕುಣಿಯುತ್ತಿವೆ. ಇರಲಿ. ಶಾಂಭವಿಯ ಗದ್ದದ ಹಚ್ಚೆ ನೋಡಿ ಎಷ್ಟು ತಿಂಗಳಾಯಿತು? ಆ ಫೋನು ಬಂದಾಗಿನಿಂದ ಕಂಡಿಲ್ಲ. ಅವಳ ಕೈಯಲ್ಲೂ ಅದೇ ಮಾಡೆಲ್ಲು. ಜೋಡಿ ತಗೊಂಡೆ ಎಂದಿದ್ದ ಉಳವೇಶ.

ಹಚ್ಚೆಯನ್ನೇ ಒರೆಸುವ ಫೋನು ಇನ್ನೇನು ಒರೆಸಿದೆ?

ಹೋದ ತಿಂಗಳು ಎಡಗೆನ್ನೆಯ ಮೇಲೆ ಕೂದಲು ಬಿಟ್ಟುಕೊಂಡು ಕೂತಿದ್ದಳು. ಸ್ಟೈಲ್ ಎಂದು ಚೇಷ್ಟೆ ಮಾಡಿದ್ದೆ. ಅವಳು ನಗಲಿಲ್ಲ.

ಹೆದರಿಕೆಯಾಗುತ್ತಿದೆ.

ಜೂನ್ 30, ರವಿವಾರ

ಕಾಲ್ ಬಂದ ಕೂಡಲೇ ಕೇಳಿದೆ. "ಶಾಂಭವಿ, ಬ್ಯೂಟಿ ಮೋಡ್ ಬಂದ್ ಮಾಡವಾ. ಅವ್ವಗ ನಿನ್ನ ಹಚ್ಚಿ ನೋಡ್ಬೇಕಂತ."

ಅವಳು ನನ್ನತ್ತ ನೋಡಲಿಲ್ಲ. ಪಕ್ಕಕ್ಕೆ ನೋಡಿದಳು. ಉಳವೇಶನ ದನಿ ಬಂತು, ಸಕ್ಕರೆಯಂಥದು. "ಅಕ್ಕಾರ, ನಿಮ್ಮ ಕಡೆ ನೆಟ್‌ವರ್ಕ್ ಇಲ್ಲರಿ. ವಿಡಿಯೋ ಹರಿದು ಬರಾಕತ್ತೈತಿ." ಕಟ್.

ಚಿತ್ರ ಒಂದು ಸಲವೂ ಹರಿದಿರಲಿಲ್ಲ. ಕಡ್ಡಿ ಪೂರ್ತಿ ಇದ್ದವು. ನಾನೇ ನೋಡಿದೆ.

ಅಪ್ಪನಿಗೆ ಮನಸ್ಸಿನಲ್ಲಿದ್ದದ್ದನ್ನು ಹೇಳಿಬಿಟ್ಟೆ. ಕೋಲು ನೆಲಕ್ಕೆ ಕುಟ್ಟಿದರು. "ಈ ಹುಚ್ಚೀರಪ್ಪನ ಅಳಿಯ ಅಂಥಾಂವಲ್ಲ. ಟವರಿಂದು ತಪ್ಪಿದ್ರ ಮನಷ್ಯಾನ ಮ್ಯಾಲ್ಯಾಕ ಹಾಕ್ತಿ?" ವೀರು ಕೂಡ ಬ್ಯಾಂಡು, ಸ್ಪೀಡು ಅಂತ ಸುರು ಮಾಡಿದ. ರಾತ್ರಿ ಊಟದ ತನಕ ತಂದೆ ಮಗ ಟವರೋ ಫೋನೋ ಎಂದು ಜಗಳಾಡಿದರು. ಹುಡುಗಿಯ ಮಾತು ಯಾರೂ ಎತ್ತಲಿಲ್ಲ. ತಟ್ಟೆ ಸರಿಸಿ ಎದ್ದೆ.

ಜುಲೈ 7, ರವಿವಾರ

ಕಾಲ್ ಇಲ್ಲ. ಅವ್ವ ಕತ್ತಲಾದರೂ ಮಾಳಿಗೆ ಇಳಿಯಲಿಲ್ಲ.

ಜುಲೈ 10

ಶಾಂಭವಿಗೆ ಮೆಸೇಜ್ ಮಾಡಿದೆ — ಆ ಮೋಡ್ ತೆಗೆದು ಒಂದು ಫೋಟೋ ಕಳಿಸು, ನನಗೊಬ್ಬಳಿಗೇ.

ಉತ್ತರ ಬಂತು. "ತಗದ್ರ ಸೌಂಡ್ ಬರತೈತಿ ಅಕ್ಕಾ. ಅವರು ಮನಿಯಾಗ ಅದಾರ."

ಮತ್ತೊಮ್ಮೆ ಓದುವಷ್ಟರಲ್ಲಿ ಡಿಲೀಟ್.

ಹೆಣ್ಣುಮಕ್ಕಳನ್ನು ಕಾಯಲು ಇಟ್ಟ ಸೌಂಡು! ಒಳ್ಳೆಯದೇ ಎಂದು ಇದೇ ಪುಸ್ತಕದಲ್ಲಿ ಬರೆದಿದ್ದೇನೆ. ಆ ಫೋನನ್ನು ಗೋಡೆಗೆ ಬೀಸಿ ಒಗೆಯಬೇಕೆನ್ನಿಸುತ್ತಿದೆ.

ಜುಲೈ 14, ರವಿವಾರ. ಮಧ್ಯಾಹ್ನ

ನನ್ನ ಹಳೆಯ ಫೋನಿಗೆ ಗೊತ್ತಿಲ್ಲದ ನಂಬರಿನಿಂದ ವಿಡಿಯೋ ಕಾಲ್. ಅವ್ವನ ಕಿವಿಗೆ ಬೀಳಬಾರದೆಂದು ಕೈಯಲ್ಲಿದ್ದ ಈ ಪುಸ್ತಕದ ಸಮೇತ ಮಾಳಿಗೆಗೆ ಓಡಿದೆ. ಯಾರೋ ಹೆಣ್ಣುಮಗಳು.

"ಅಕ್ಕಾರ, ನಾ ನೂರೀನರಿ, ಹುಬ್ಬಳ್ಳಿಯಾಕಿ. ಶಾಂಭವಿ ಬಿಲ್ಡಿಂಗಿನ್ಯಾಗ ಇರ್ತೀನಿ. ಆಕಿ ಗಂಡ ಡ್ಯೂಟಿಗೆ ಹೋಗ್ಯಾರ. ಇದು ಊರಾಗ ತಗೊಂಡ ಫೋನರಿ, ಚಂದಂಗ ತೋರ್ಸಂಗಿಲ್ಲ. ಇದ್ದದ್ದ ತೋರಸ್ತೈತಿ."

ಫೋನು ಶಾಂಭವಿಯತ್ತ ತಿರುಗಿತು. ಚಿತ್ರ ಒಡೆಯಿತು, ನಿಂತಿತು, ಮತ್ತೆ ಕೂಡಿತು. ಮೊದಲು ಕಂಡದ್ದು ಹಚ್ಚೆ. ನಮ್ಮ ಹಚ್ಚೆ. ಅದರ ಮೇಲೆ ತುಟಿ ಸೀಳಿತ್ತು. ಎಡಗೆನ್ನೆ ಕಣ್ಣಿನ ತನಕ ನೇರಳೆ ಬಣ್ಣ.

ಸ್ಕ್ರೀನ್‌ಶಾಟ್ ತೆಗೆದೆ. ಎರಡು ಸಲ.

"ಅಪ್ಪಗ ತೋರ್ಸಬ್ಯಾಡ ಅಕ್ಕಾ. ತಡಕೊಳ್ಳಂಗಿಲ್ಲ ಅಂವ," ಎಂದಳು. "ನೀ ಹೆಂಗ ತಡಕೊಂಡೀಯವಾ?" ಎಂದೆ. ಆಗ ಅತ್ತಳು. ಇಷ್ಟು ದಿನದ ಮೇಲೆ ನನ್ನ ತಂಗಿಯ ಮುಖ ನೋಡಿದೆ.

ಕಾಲ್ ಮುಗಿದಿದೆ. ಇಲ್ಲೇ ಕೂತು ಬರೆಯುತ್ತಿದ್ದೇನೆ. ನಾನು ಫೋನ್ ಹಿಡಿದು ಓಡಿದ್ದನ್ನು ಕಂಡಿದ್ದ ಅಪ್ಪ ಅಂಗಳದಿಂದ ಕೂಗಿದರು. "ಶಾಂಭವಿ ಏನಬೇ? ಈ ಸಲರೆ ಕ್ಲಿಯರ್ ಬಂತೇನು?"

"ಬಂತಪಾ," ಎಂದೆ. "ಮ್ಯಾಲ ಬಾ."

ಮೆಟ್ಟಿಲ ಮೇಲೆ ಕೋಲಿನ ಸದ್ದು. ಅರ್ಧಕ್ಕೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದಾರೆ. ಮತ್ತೆ ಹತ್ತುತ್ತಿ—