ನಿನ್ ಗಿಡ ಊ ಬುಡ್ತದೆ

ತಿಗನಾರೆ
29-3-2005

ಪ್ರೀತಿಯ ಪರಿಮಳಾ,

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಬೇಕು, ಬರೆದಿದ್ದೇನೆ. ನಿನ್ನ ಕೆಮ್ಮು ಹೇಗಿದೆ? ಅತ್ತೆಯ ಮಂಡಿನೋವು ಇಳಿಯಿತೇ? ಬಿಸಿನೀರು ಕುಡಿಯುತ್ತೀಯೋ, ಇಲ್ಲ ತವರಲ್ಲೂ ನಿನ್ನದೇ ಹಟವೋ? ಅವ್ವ ಗಟ್ಟಿಯಾಗಿದ್ದಾಳೆ. ನಿನ್ನ ಕೋಳಿ ಕಾವಿಗೆ ಕೂತಿದೆ, ನನ್ನನ್ನು ಕಂಡರೆ ಕುಕ್ಕಲು ಬರುತ್ತದೆ. ಅದಕ್ಕೂ ನೀನೇ ಹೇಳಿಕೊಟ್ಟು ಹೋಗಿರಬೇಕು.

ಮೊದಲು ಒಂದು ವಿಷಯ ಇತ್ಯರ್ಥವಾಗಲಿ. ನಾನು ಊರು ಬಿಟ್ಟಿಲ್ಲ, ಬಿಡುವ ಯೋಚನೆಯೂ ಇಲ್ಲ. ಭಾನುವಾರ ತಾಳವಾಡಿಯ ಬೂತಿನಿಂದ ನಿಮ್ಮೂರ ಚಿಕ್ಕಸಿದ್ದನ ಅಂಗಡಿಗೆ ಫೋನು ಮಾಡಿ, “ಪರಿಮಳಂಗೆ ಯೋಳಣ್ಣ, ನಿನ್ ಗಿಡ ಊ ಬುಡ್ತದೆ, ಬಿರ್ನೆ ಬಾ ಅಂತ” ಎಂದಿದ್ದೆ. ಪಕ್ಕದಲ್ಲೇ ಬಸ್ಸೊಂದು ಗುರುಗುಡುತ್ತ ನಿಂತಿತ್ತು. ಆ ಪುಣ್ಯಾತ್ಮ ನಿನ್ನ ಬಾಗಿಲಿಗೆ ಬಂದು ಹೇಳಿದ್ದು “ನಿನ್ ಗಂಡ ಊರು ಬುಡ್ತಾನೆ” ಎಂದು. ನನಗೇನು ಗೊತ್ತು? ಟೊಮೇಟೊ ವ್ಯಾನಿನ ಮುರುಗನ್ ಕೈಲಿ ನೀನು ಉತ್ತರ ಕಳಿಸಿದೆ. ಅವನು ಟೀ ಅಂಗಡಿಯಲ್ಲಿ ನಾಲ್ಕು ಜನರ ಎದುರಿಗೇ ಒಪ್ಪಿಸಿದ: “ಓಗೋರ್ನ ನಾನ್ಯಾಕೆ ತಡೀಲಿ? ಓಗ್ಲಿ ಬುಡು ಅಂದ್ಳು ಕಣ.” ತಲೆಬುಡ ತಿಳಿಯದೆ ಮತ್ತೆ ಫೋನು ಮಾಡಿದ ಮೇಲೇ ಗೊತ್ತಾದದ್ದು. ಅವ್ವನಿಗೆ ಹೇಳಿದರೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. “ಗಿಡುಕ್ಕೂ ಗಂಡುಂಗೂ ಏನ್ಲಾ ಯತ್ಯಾಸ, ಎಲ್ಡೂ ನಿಂತ ತಾವೇ ನಿಂತಿರ್ತವೆ” ಎಂದಳು. ನನಗೆ ನಗು ಬರಲಿಲ್ಲ. ಚಿಕ್ಕಸಿದ್ದನ ಕಿವಿ ಮಂದ, ಅವನ ಮೇಲೆ ಸಿಟ್ಟಿಲ್ಲ. ಆದರೆ ನೀನು ನಂಬಿಬಿಟ್ಟೆಯಲ್ಲ.

ಗಿಡದ ವಿಷಯಕ್ಕೆ ಬರುತ್ತೇನೆ. ಜೀರಹಳ್ಳಿ ಕಡೆಯ ಬಂಡೆಸಾಲಿನಲ್ಲಿ, ಹೋದ ವರ್ಷ ನಿನ್ನ ಕಣ್ಣಿಗೆ ಬಿದ್ದಿತ್ತಲ್ಲ, ಅದೇ ಬಿರುಕಿನಲ್ಲಿ ಸೊಂಟದೆತ್ತರ ನಿಂತಿದೆ. ಕೆಳಗಿನ ಇಳಿಜಾರಲ್ಲಿದ್ದ ಗೊಜ್ಜಿನ ಮೊಗ್ಗಿನ ಗಿಡಗಳನ್ನೆಲ್ಲ ಲಂಟಾನದ ಪೊದೆ ನುಂಗಿ ನೀರು ಕುಡಿದಿದೆ. ನನಗೆ ತಿಳಿದ ಮಟ್ಟಿಗೆ ಈ ಸುತ್ತಿನಲ್ಲಿ ಉಳಿದದ್ದು ಇದೊಂದೇ. ಕಲ್ಲಿನ ಕಾವು, ಒಂದು ಹಿಡಿ ಮಣ್ಣು ಇದ್ದರೆ ಸಾಕು ಅದಕ್ಕೆ. ಹಿಂದೆ ಅವ್ವ ಕಡ್ಡಿ ತಂದು ಬಚ್ಚಲ ಹಿಂದೆ ನೆಟ್ಟು ದಿನಾ ನೀರೆರೆದಿದ್ದಳು. ಉಪಚಾರ ತಾಳಲಾರದೆ ಕೊಳೆತುಹೋಯಿತು. ಈ ಸಲ ಕೊಂಬೆ ತುಂಬ ಮೊಗ್ಗು, ಅವರೆಕಾಳಿನಷ್ಟು ದಪ್ಪ. ಉಪ್ಪುನೀರಿನಲ್ಲಿ ಕಹಿ ಬಿಡಿಸಿ ನೀನು ಮಾಡುವ ಹುಳಿಗೊಜ್ಜು ನೆನೆದರೆ ಅವ್ವನ ಕೈಯ ಸಾರು ಗಂಟಲಲ್ಲಿ ಇಳಿಯುವುದಿಲ್ಲ (ಇದನ್ನು ಅವಳಿಗೆ ಹೇಳಬೇಡ). ಅರಳಿತೋ, ಬರೀ ನೋಡುವ ಹೂವು. ಮತ್ತೆ ಬರುವ ವರ್ಷವೇ. ನಾನೇ ಕಿತ್ತು ತರಬಹುದಿತ್ತು ಎನ್ನುತ್ತೀಯೇನೋ. ಗಿಡವನ್ನು ಕಂಡುಹಿಡಿದವರೇ ಮೊದಲ ಮೊಗ್ಗು ಮುರಿಯಬೇಕು, ಬೇರೆಯವರ ಕೈ ತಾಗಿದರೆ ಗಿಡ ಮುನಿಯುತ್ತದೆ ಎನ್ನುವುದು ನಮ್ಮ ಮನೆಯ ಪದ್ಧತಿ. ಮುನಿದವರು ಒಬ್ಬರಿರುವುದೇ ಸಾಕಾಗಿದೆ ನನಗೆ.

ಕೂತರೆ ಕೂರಲಾಗುವುದಿಲ್ಲ, ನಿಂತರೆ ನಿಲ್ಲಲಾಗುವುದಿಲ್ಲ. ಬೆಳಿಗ್ಗೆ ಬಂಡೆ ಹತ್ತಿ ನೋಡುತ್ತೇನೆ. ಕೂಲಿ ಮುಗಿಸಿ ಬರುವಾಗ ಕಾಲು ತಾನಾಗಿ ಮತ್ತೆ ಅತ್ತಲೇ ತಿರುಗುತ್ತದೆ. ಬಿಸಿಲು ಜೋರಾದರೆ ನಿನ್ನ ಮೊಗ್ಗು ಬಿರಿದೀತೆಂದು ಸೂರ್ಯನನ್ನೇ ಬೈಯುತ್ತೇನೆ. ಶಿವರಾತ್ರಿಗೆ ಮುಂಚೆ ನೀನೊಬ್ಬಳೇ ಮೊಗ್ಗು ನೋಡಲು ಹೋಗಿದ್ದಕ್ಕೆ ಕೂಗಾಡಿದೆನಲ್ಲ, ಆವತ್ತು ಅಂದದ್ದನ್ನು ಇವತ್ತೂ ಅನ್ನುತ್ತೇನೆ. ಆನೆ ತಿರುಗುವ ಜಾಗ ಅದು. ನಿನ್ನೆಯೂ ದಾರಿಯಲ್ಲಿ ಹಸಿ ಲದ್ದಿ ಇತ್ತು. “ಮೊಗ್ಗು ಅರಳೋಗಂಟ ನಿನ್ ದಾರಿ ಕಾಯ್ಲಾ?” ಎಂದು ಕೇಳಿ ನೀನು ಬಸ್ಸು ಹತ್ತಿದೆ. ಈಗ ದಾರಿ ಕಾಯುವ ಸರದಿ ನನ್ನದು. ಬಾ, ಇಬ್ಬರೂ ಹೋಗೋಣ. ನೀನು ಕೀಳು, ನಾನು ಕಾವಲು ನಿಲ್ಲುತ್ತೇನೆ. ಇನ್ನು ಎರಡು ಮೂರು ದಿನವಷ್ಟೇ, ತಡಮಾಡಬೇಡ.

ಅತ್ತೆಗೆ ನನ್ನ ನಮಸ್ಕಾರ ಹೇಳು. ಅವ್ವ ನಿನ್ನ ತಲೆ ಮೇಲೆ ಕೈಯಿಟ್ಟು ಹರಸಿದ್ದೇನೆಂದು ಬರಿ ಎನ್ನುತ್ತಿದ್ದಾಳೆ.

ಇಂತಿ, ಊರಲ್ಲೇ ಇರುವ ನಿನ್ನ
ಮಣಿಕಂಠ

ತಾ.ಕ.: ಅಂಚೆ ಕಚೇರಿಯ ಕಟ್ಟೆಯ ಮೇಲೆ ಕೂತು ಈ ನಾಲ್ಕು ಸಾಲು ಸೇರಿಸುತ್ತಿದ್ದೇನೆ. ಬರುವ ಮುನ್ನ ಬಂಡೆ ಹತ್ತಿ ನೋಡಿದೆ. ಒಂದು ಮೊಗ್ಗೂ ಉಳಿದಿಲ್ಲ, ಗಿಡವಿಡೀ ಬೆಳ್ಳಗೆ ಅರಳಿಬಿಟ್ಟಿದೆ. ಕಾಗದ ಹರಿದು ಹಾಕೋಣ ಎನ್ನಿಸಿತು. ಇನ್ನು ನಿನ್ನನ್ನು ಕರೆಯಲು ನನಗೆ ಯಾವ ನೆಪವೂ ಇಲ್ಲ. ಆದರೂ ಬಾ.