ಮನೆಗೊಂದು ಕೈ

ಫೆಬ್ರವರಿ 24, 1957
ಬೆಳಿಗ್ಗೆ ಸಗಣಿ ಬಾಚಿದ್ದು, ರಾಗಿ ಬೀಸಿದ್ದು. ಮಧ್ಯಾಹ್ನ ಮಾವ ಈರಭದ್ರದೇವರ ಗುಡಿಯಿಂದ ಬಂದರು. ಮನೆಗೊಬ್ಬರಂತೆ ವಿಭೂತಿ ಗಟ್ಟಿ ಮುಟ್ಟಿ ಆಣೆ ಇಟ್ಟರಂತೆ — ಊರಿನ ಓಟೆಲ್ಲ ಸೈಕಲ್ ಗುರುತಿಗೇ. ಗೆದ್ದರೆ ಆ ಅಭ್ಯರ್ಥಿ ಕೆರೆಯ ಸೋರುವ ತೂಬು ರಿಪೇರಿ ಮಾಡಿಸುತ್ತಾನಂತೆ. ಒಂಟಿಯಾಗಿರುವ ಗುರುಶಾಂತಮ್ಮನ ಮನೆಯಲ್ಲಿ ಗಂಡಸಿಲ್ಲ. ಆಕೆಯೇ ಹೋಗಿ ಮುಟ್ಟಿದಳಂತೆ.

ನಗು ಬಂತು. ತವರು ಅಜ್ಜಂಪುರದಲ್ಲಿ ಹೋದ ಚುನಾವಣೆಗೆ ಅಪ್ಪ ಒಂದು ಗುರುತಿನ ಪೆಟ್ಟಿಗೆಗೆ ಓಟು ಹಾಕಿದರು, ಅಮ್ಮ ಇನ್ನೊಂದಕ್ಕೆ. ವಾರವೆಲ್ಲ ಜಗಳ. ಊಟ ಮಾತ್ರ ಒಟ್ಟಿಗೆ.

ಫೆ. 26, ಸಂಜೆ
ಓಟು ಆಯಿತು. ಶಾಲೆಯೊಳಗೆ ಪರದೆ, ಅದರ ಹಿಂದೆ ಎರಡು ಪೆಟ್ಟಿಗೆ, ಒಂದರ ಮೇಲೆ ಸೈಕಲ್ ಚಿತ್ರ, ಇನ್ನೊಂದರ ಮೇಲೆ ತಕ್ಕಡಿ. ನಾನೊಬ್ಬಳೇ. ತಕ್ಕಡಿಗೆ ಹಾಕಿದೆ. ಹೆಣ್ಣುಮಕ್ಕಳಿಗೂ ಹೈಸ್ಕೂಲು ಬೇಕೆಂದು ತಕ್ಕಡಿಯ ಅಭ್ಯರ್ಥಿ ಕಡೂರು ಸಂತೆಯಲ್ಲಿ ಮಾತಾಡಿದ್ದು ಕೇಳಿದ್ದೆ. ನಾನು ಎಂಟನೇ ಕ್ಲಾಸಿಗೇ ನಿಂತವಳು.

ವಿಭೂತಿ ಮುಟ್ಟಿದ್ದು ಮಾವ. ನಾನಲ್ಲವಲ್ಲ.

ಮಾರ್ಚ್ 9
ಎಣಿಕೆಗೆ ಹೋಗಿದ್ದ ಪಟೇಲ ಮಲ್ಲಿಕಾರ್ಜುನಪ್ಪನವರು ಬಸ್ಸಿಳಿದು ನೇರ ಗುಡಿಗೆ ಹೋದರು. ಸೈಕಲ್ ಗೆದ್ದಿದೆ. ಆದರೆ ಊರೂರಿನ ಪೆಟ್ಟಿಗೆ ಬೇರೆ ಬೇರೆ ತೆರೆದರಂತೆ. ನಮ್ಮೂರ ತಕ್ಕಡಿ ಪೆಟ್ಟಿಗೆಯಲ್ಲಿ ಒಂದೇ ಒಂದು ಚೀಟಿ.

ಹೀಗೆ ತಿಳಿಯುತ್ತದೆಂದು ಗೊತ್ತಿರಲಿಲ್ಲ. ಹೆಂಚಿನ ಮೇಲೆ ರೊಟ್ಟಿ ಸೀದುಹೋಯಿತು.

ಮಾ. 10
ಅನುಮಾನ ಗುರುಶಾಂತಮ್ಮನ ಮೇಲೆ ಬಂತು. ಹೋದ ವರ್ಷ ಬದುವಿನ ವಿಷಯಕ್ಕೆ ಪಟೇಲರೊಡನೆ ಜಗಳವಾಡಿದವಳು, ಇನ್ಯಾರು ಅನ್ನುತ್ತಾರೆ. ಬಾವಿಕಟ್ಟೆಯಲ್ಲಿ ಆಕೆ ನಗುತ್ತಲೇ ಹೇಳಿದಳು: "ಪಟೇಲಪ್ಪನ ಮೇಲೆ ಸಿಟ್ಟಿದ್ರೆ ಎದ್ರಿಗೇ ಬೈತೀನಿ ಕಣ್ರೇ. ಪರದೆ ಹಿಂದೆ ಹೋಗಿ ಚೀಟಿ ಯಾಕೆ ಹಾಕ್ಲಿ?"

ಯಾರೂ ನಗಲಿಲ್ಲ. ಆಕೆಯ ಕೈಗೆ ಸಿಗದಂತೆ ಸೇದುವ ಹಗ್ಗ ಎಳೆದುಕೊಂಡರು. ಖಾಲಿ ಕೊಡ ಹೊತ್ತು ಹೋದಳು.

ನನ್ನ ಕೊಡ ತುಂಬಿತ್ತು...

ಮಾ. 13
ಬೀಸುತ್ತ ಕೂತಿದ್ದ ಅತ್ತೆಯನ್ನು ಸುಮ್ಮನೆ ಕೇಳುವವಳಂತೆ ಕೇಳಿದೆ — ಗೆದ್ದಾಯಿತಲ್ಲ, ಒಂದು ಓಟಿಗೆ ಇಷ್ಟೇಕೆ?

"ನಿಮ್ಮೂರಲ್ಲಿ ಪಕ್ಕದ್ಮನೇರು ಮುನಿಸ್ಕಂಡ್ರೆ ಬಾಗ್ಲಾಕ್ಕಂಡು ಉಣ್ಬೋದು ಕಣವ್ವ. ಅಂಗಡೀಲಿ ಅಕ್ಕಿ ಸಿಗ್ತದೆ. ಇಲ್ಲಿ ಮೇಲಿನ ಗದ್ದೆಯೋನು ಬಿಟ್ರೇನೇ ನಮ್ಗೆ ನೀರು. ನಾಳೆ ನಾನು ಸತ್ರೆ ಹೊರಾಕೆ ಅವ್ರೇ ಬರ್ಬೇಕು. ಒಬ್ರು ಮಾತು ತಪ್ಪಿದ್ರೆ ಇನ್ನೊಬ್ರನ್ನ ಹೆಂಗೆ ನಂಬಾದು?"

ಮಾತು ಕೊಡದೇ ಇದ್ದವರು? ಅಂದೆ. ಬೀಸುವ ಕಲ್ಲು ನಿಂತಿತು.

"ಮನೆ ಕೊಟ್ಮೇಲೆ ಎಲ್ರೂ ಕೊಟ್ಟಂಗೇ."

ಮತ್ತೆ ಬೀಸತೊಡಗಿದರು. ನನ್ನ ಮುಖ ನೋಡಲಿಲ್ಲ. ಗೊತ್ತಾಯಿತೇನೋ.

ಮಾ. 17
ಬಾವಿಯಲ್ಲಿ ಸೇದಲು ಬಿಡದ್ದರಿಂದ ಗುರುಶಾಂತಮ್ಮ ನೀರಿಗೆ ಕೆರೆಗೆ ಹೋಗುತ್ತಿದ್ದಳು. ತೂಬು ಸೋರಿ ತಳದಲ್ಲಿ ಉಳಿದ ಕೆಸರು ನೀರು. ಈಗ ವಾಂತಿ, ಜ್ವರ. ಯಾರೂ ಇಣುಕುವಂತಿಲ್ಲ.

ಆ ಚೀಟಿ ನನ್ನದೆಂದು ಹೇಳಿದರೆ ಮಾವ ಆಣೆ ತಪ್ಪಿದವರಾಗುತ್ತಾರೆ. ನಾದಿನಿಗೆ ಇದೇ ಊರಲ್ಲಿ ಗಂಡು ಗೊತ್ತಾಗಿದೆ, ಅದೂ ಮುರಿಯುತ್ತದೆ. ಹೇಳದಿದ್ದರೆ, ಆ ಮನೆಯಿಂದ ಒಂದು ದಿನ ಕೆಮ್ಮೂ ಕೇಳಿಸುವುದಿಲ್ಲ...

ನಮ್ಮ ಯಜಮಾನರಿಗೆ ಹೇಳಿಬಿಟ್ಟೆ. ಎದ್ದು ಹೊಲಕ್ಕೆ ಹೋದರು.

ಮಾ. 18, ಬೆಳಿಗ್ಗೆ ಎಂಟು
ಇವರು ಎಲ್ಲರೆದುರಿಗೇ ಬಾವಿಯಿಂದ ಎರಡು ಕೊಡ ಸೇದಿ, ಗುರುಶಾಂತಮ್ಮನ ಬಾಗಿಲಿಗೆ ಇಟ್ಟು ಬಂದರು. ಗಂಡಸು ಕೊಡ ಹೊತ್ತದ್ದನ್ನು ಬೀದಿಯೆಲ್ಲ ನೋಡಿತು. ಯಾಕೆಂದು ಪಟೇಲರು ಕೇಳಿದರಂತೆ. ಇವರು ಕೊಡ ಇಳಿಸದೆ ಮುಂದೆ ನಡೆದರಂತೆ.

ಈಗ ಜಗಲಿಯ ಮುಂದೆ ಜನ. ಬೈಗುಳವಿಲ್ಲ — ಅದಕ್ಕೇ ನನಗೆ ಭಯ. ಆ ಚೀಟಿ ಈ ಮನೆಯದೆಂದು ಊಹಿಸಿರಬೇಕು, ಮಾವನನ್ನು ಗುಡಿಗೆ ಕರೆಯುತ್ತಿದ್ದಾರೆ. ಮಾವನಿಗೆ ಏನೂ ತಿಳಿಯದು. ತೂಬಿನ ಮಾತಿರಬೇಕು ಎನ್ನುತ್ತ ಪೇಟ ಸುತ್ತಿಕೊಳ್ಳುತ್ತಿದ್ದಾರೆ. ಅತ್ತೆ ಕಂಬ ಹಿಡಿದು ನನ್ನನ್ನೇ ನೋಡುತ್ತಿದ್ದಾರೆ.

ಮಾವ ಹೊಸಿಲು ದಾಟುವುದರೊಳಗೆ ನಾನೇ ಹೊರಗೆ ಹೋಗಿ ಹೇಳುತ್ತೇನೆ — ಆ ಚೀಟಿ ನನ್ನದು.