ಬೋರ್ಡಿನ ಮೇಲೆ ನನ್ನ ಹೆಸರು

ಬಿ.ಟಿ.ಎಂ. ಲೇಔಟ್, ಬೆಂಗಳೂರು
ಶುಕ್ರವಾರ, ಜೂನ್ 2002

ಅಕ್ಕಾ,

ಅವ್ವನಿಗೆ ಓದಿ ಹೇಳುವಾಗ ಬಸ್ಸಿನ ಮಾತು ಬಿಟ್ಟು ಓದು. ನಾನು ಆರಾಮ ಇದ್ದೇನೆ, ಕೆಮ್ಮು ಇಳಿದಿದೆ.

ನಮ್ಮದು ಹುಡುಗರನ್ನು ಓದಲಿಕ್ಕೆ ಪರದೇಶಕ್ಕೆ ಕಳಿಸುವ ಆಫೀಸಲ್ಲವೇ? ಏನೇನು ಕೆಟ್ಟದ್ದಾಗಬಹುದು ಎಂದು ಮೊದಲೇ ಯೋಚಿಸಬೇಕಂತೆ. ಹೋದ ತಿಂಗಳು ಅದಕ್ಕೇ ಮೀಟಿಂಗ್ ಕರೆದಿದ್ದರು. ಒಬ್ಬರು ವೀಸಾ ಸಿಗದಿದ್ದರೆ ಅಂದರು, ಇನ್ನೊಬ್ಬರು ಅಲ್ಲಿಯ ಕಾಲೇಜೇ ಮುಚ್ಚಿದರೆ ಅಂದರು. ಆಮೇಲೆ ಮ್ಯಾನೇಜರ್ ರವಿಕುಮಾರ್, "ನಾಳೆ ನಮ್ಮ ರಾಜಶ್ರೀ ಬಸ್ ಕೆಳಗೆ ಸಿಕ್ಕಾಕೊಂಡ್ರೆ?" ಅಂದರು. ಯಾರೊಬ್ಬರೂ "ಬಿಡ್ತು ಅನ್ನಿ" ಅನ್ನಲಿಲ್ಲ. ರವಿಕುಮಾರ್ ನನ್ನ ಹೆಸರನ್ನು ಬೋರ್ಡಿನ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಕೆಂಪಕ್ಷರದಲ್ಲಿ ಬರೆದರು. "ಎಲ್ಲಾ ಕಾಲೇಜ್ ಕೆಲಸಾನೂ ನಿಮ್ಮೊಬ್ರಿಗೇ ಗೊತ್ತು. ನೀವಿಲ್ದಿದ್ರೆ ಎಲ್ಲಾ ನಿಂತೋಗುತ್ತೆ. ನೀವೇ ನಮ್ ದೊಡ್ಡ ರಿಸ್ಕು ಮೇಡಂ," ಎಂದು ನಕ್ಕು ಕೈಕುಲುಕಿದರು. ಹೊಗಳಿದರೋ ಬೈದರೋ ತಿಳಿಯಲಿಲ್ಲ.

ಮನೆ ಓನರ್ ಮುನಿವೆಂಕಟಮ್ಮನವರಿಗೆ ಹೇಳಿದೆ. "ಥೂ, ಬಿಡ್ತು ಅನ್ನಮ್ಮ!" ಎಂದು ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಘಾಟೇ ಬರಲಿಲ್ಲ. "ನೋಡ್ದಾ, ಎಷ್ಟು ದೃಷ್ಟಿ ಆಗೈತೆ!" ಅಂದರು.

ಆಫೀಸಿನವರ ಪರಿಹಾರ ಬೇರೆ. ಚೈತ್ರ ಎಂಬ ಹೊಸ ಹುಡುಗಿಗೆ ನನ್ನ ಕೆಲಸವನ್ನೆಲ್ಲ ಕಲಿಸಿಕೊಡಿ ಎಂದರು. ಕಲಿಸಿದೆ. ಹುಡುಗಿ ಬಲು ಚುರುಕು. ಇವತ್ತು ನನ್ನನ್ನು ಒಂದು ಮಾತೂ ಕೇಳದೆ ಎಲ್ಲ ತಾನೇ ಮಾಡಿ ಮುಗಿಸಿದಳು. ಸಂಜೆ ರವಿಕುಮಾರ್ ಬೋರ್ಡಿನಿಂದ ನನ್ನ ಹೆಸರು ಒರೆಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಯಾಕೆಂದು ತಿಳಿಯದೆ ನಾನೂ ತಟ್ಟಿದೆ.

ಕಾರ್ಡು ತುಂಬಿತು.

ನಿನ್ನ ರಾಜಶ್ರೀ